ಜೋಳದ ಬದಲು ಪರದೆ

"ನಮಗ ಜ್ವಾಳ ಬ್ಯಾಡ್ರಿ ಸಾವ್ಕಾರ್ರ. ಒಂದು ಸೊಳ್ಳಿ ಪರದಿ ಕೊಡ್ರಿ," ಎಂದಳು ಕುರಿಗಾರ ಮಾಳಿಂಗಪ್ಪನ ಹೆಂಡತಿ ರೇಣುಕಾ.

ಹೊಲದೊಡೆಯ ಗುರುಲಿಂಗಪ್ಪ ನಕ್ಕ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ನೆಲಕ್ಕೆ ಗೊಬ್ಬರ, ಕುರಿಯವರಿಗೆ ಜೋಳ; ಮುಳವಾಡದ ಕಡೆ ಅಜ್ಜನ ಕಾಲದಿಂದಲೂ ಇದೇ ರೂಢಿ. ಪರದೆ ಕೇಳಿದವರನ್ನು ಅವನು ಕಂಡಿರಲಿಲ್ಲ.

"ಕುರಿ ಕಾಯೋರಿಗೆ ಪರದಿ ಯಾಕ ತಂಗಿ? ಕಂಬಳಿ ಇಲ್ಲೇನು?"

"ಕಂಬಳಿ ಹೊಚ್ಚಿದ್ರ ಕೂಸಿಗೆ ಉಸಿರು ಕಟ್ಟತೈತ್ರಿ."

ಅವಳ ಕಣ್ಣು ಹೊಲದಂಚಿನ ಕಾಲುವೆಯ ಮೇಲೆಯೇ ಇತ್ತು. ಸೋರಿದ ನೀರು ಅಲ್ಲಲ್ಲಿ ನಿಂತು, ಹೊತ್ತು ಮುಳುಗುವ ಮೊದಲೇ ಸೊಳ್ಳೆಗಳ ಗುಂಯ್‌ಗುಡುವಿಕೆ ಶುರುವಾಗಿತ್ತು. ನೀರು ಬಂದು ನೆಲ ಹಸಿರಾಯಿತು ಎನ್ನುತ್ತಾರೆ, ಸುಳ್ಳಲ್ಲ. ಆದರೆ ಹೋದ ವರ್ಷ ಗಂಡನಿಗೆ ಬಂದ ಮಲೇರಿಯಾ ದವಾಖಾನೆ, ಸಲೈನು, ಜೀಪಿನ ಬಾಡಿಗೆ ಅಂತ ಅರ್ಧ ಹಿಂಡನ್ನೇ ನುಂಗಿತ್ತು. ತೋಳ ಕೂಡ ಅಷ್ಟು ತಿಂದಿರಲಿಲ್ಲ. ಈಗ ಮಡಿಲಲ್ಲಿ ಹಸುಗೂಸು.

ಗುರುಲಿಂಗಪ್ಪ ಕೆಟ್ಟವನಲ್ಲ. ಮನೆಯಿಂದ ಹಳೆಯ ಪರದೆಯೊಂದನ್ನು ತರಿಸಿಕೊಟ್ಟು, "ಜ್ವಾಳ ಕೇಳಬ್ಯಾಡ್ರಿ ಮತ್ತ," ಎಂದು ಹೋದ. ರೇಣುಕಾ ಗೂಟ ನೆಟ್ಟು ಪರದೆ ಕಟ್ಟಿ, ತೂತುಗಳಿಗೆ ಗಂಟು ಹಾಕಿ, ಕೂಸನ್ನು ಒಳಗೆ ಮಲಗಿಸಿದಳು. ನಾಳೆ ರೊಟ್ಟಿಗೆ ಹಿಟ್ಟಿಲ್ಲ, ಇರಲಿ. ಜೀವ ತುಸು ನಿರಾಳವಾಯಿತು.

ಅಷ್ಟರಲ್ಲಿ ಕುರಿಗಳ ಸುತ್ತ ಬಲೆ ಕಟ್ಟುತ್ತಿದ್ದ ಮಾಳಿಂಗಪ್ಪ ಅರ್ಧಕ್ಕೇ ಬಿಟ್ಟು ಕುಕ್ಕರಗಾಲಲ್ಲಿ ಕುಳಿತ. ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುತ್ತಿತ್ತು.

"ಹೋದ ವರ್ಷದ ಗುಳಿಗಿ ಪೂರಾ ನುಂಗಿದ್ರಿ ಹೌದಿಲ್ಲೋ? ನಡುವ ಬಿಟ್ರ ತಿರುಗಿ ಬರತೈತಿ ಅಂದಿದ್ರು ನರ್ಸಬಾಯಿ."

ಅವನು ನೆಲ ನೋಡಿದ. "ನನ್ನ ಜ್ವರ ಬಿಟ್ಟಿತ್ತು. ಉಳಿದದ್ದು ಟಗರಿಗೆ ಹಾಕಿದೆ. ಅದೂ ನಡಗತಿತ್ತು."

"ಟಗರಿಗಾ?"

"ನಾ ತಡಕೋತೇನಿ ಅಂದ್ಕೊಂಡೆ. ಅದು ಸತ್ರ ಹಿಂಡು ಬೆಳಿಯೂದು ಹ್ಯಾಂಗ?"

ಜ್ವರದವರನ್ನು ಕಚ್ಚಿದ ಸೊಳ್ಳೆಯೇ ಉಳಿದವರಿಗೂ ತರುತ್ತದೆ ಎಂದೂ ನರ್ಸಬಾಯಿ ಹೇಳಿದ್ದರು. ರೇಣುಕಾ ಅವನ ರಟ್ಟೆ ಹಿಡಿದೆಬ್ಬಿಸಿ, ಕೂಸಿನ ಪಕ್ಕಕ್ಕೆ ತಳ್ಳಿ, ಪರದೆಯ ಅಂಚಿಗೆ ಸುತ್ತಲೂ ಮಣ್ಣು ಒತ್ತಿದಳು. ಅವನ ಕೋಲು ಹಿಡಿದು ತಾನೇ ಕುರಿ ಕಾಯಲು ಹೊರಗೆ ಕುಳಿತಳು.

ಕೂಸಿನ ಮುಖದ ಹತ್ತಿರ, ಪರದೆಗೆ ಒಂದು ಸೊಳ್ಳೆ ಅಂಟಿಕೊಂಡಿತ್ತು. ಅದು ಹೊರಗಿದೆಯೋ ಒಳಗಿದೆಯೋ, ಆ ಮಬ್ಬು ಬೆಳಕಿನಲ್ಲಿ ಅವಳಿಗೆ ತಿಳಿಯಲಿಲ್ಲ.