ಬಗ್ಗುವ ಪಾಠ

ಗೌರಮ್ಮನ ಬೆನ್ನುಮೂಳೆಗೆ ಸ್ಕ್ರೂ ಹಾಕಿ ಬೆಸೆಯುವ ಆಪರೇಷನ್ ಆಗಿ ಎರಡು ತಿಂಗಳು ಕಳೆದಿತ್ತು. ವ್ಯಾಯಾಮ ಮಾಡಿಸಲು ಫಿಸಿಯೋಥೆರಪಿಸ್ಟ್ ಶಾಹೀನ್ ಮನೆಗೇ ಬರುತ್ತಿದ್ದಳು. ಗಂಡ ಶಿವನಂಜಪ್ಪ ಎದುರಿಗೆ ಕುರ್ಚಿ ಹಾಕಿಕೊಂಡು ತಮಾಷೆ ನೋಡುವವನಂತೆ ಕೂರುತ್ತಿದ್ದ.

"ಬೆನ್ನಿಗೆ ನಾಲ್ಕು ಸ್ಕ್ರೂ ಬಿದ್ದಿದ್ದೇ ಬಿದ್ದಿದ್ದು, ಮಹಾರಾಣಿ ಆಗ್ಬಿಟ್ಲು ನೋಡಿ. ನಮ್ಮಮ್ಮ ಹೆತ್ತ ಮಾರನೇ ದಿನವೇ ನೀರು ಹೊತ್ತೋಳು."

ಗೌರಮ್ಮ ಗೋಡೆ ಹಿಡಿದು ನಿಧಾನವಾಗಿ ಹೆಜ್ಜೆ ಇಡುತ್ತಿದ್ದಳು. ಅವನು ಹೆಗಲ ಮೇಲಿದ್ದ ಟವೆಲ್ಲನ್ನು ಬೇಕೆಂದೇ ಅವಳ ಕಾಲ ಬಳಿ ಎಸೆದ.

"ಎತ್ಕೊಡು ನೋಡೋಣ. ಇಷ್ಟು ದಿನ ಏನು ಕಲ್ತಿದ್ದೀಯೋ ಗೊತ್ತಾಗ್ಲಿ."

ಅಭ್ಯಾಸಬಲದಿಂದ ಗೌರಮ್ಮನ ಮೈ ಮುಂದಕ್ಕೆ ಬಾಗಿತು. ಶಾಹೀನ್ ಅವಳ ತೋಳು ಹಿಡಿದು ತಡೆದಳು.

"ಇವರು ಇನ್ನು ಜನ್ಮದಲ್ಲಿ ಬಗ್ಗೋ ಹಾಗಿಲ್ಲ ಸರ್. ಕಸ ಗುಡಿಸೋದು, ನೆಲ ಒರೆಸೋದು, ಬಿದ್ದಿದ್ದು ಎತ್ತೋದು, ಎಲ್ಲ ನಿಮ್ದೇ."

"ಥೂ, ಕೆಲಸಕ್ಕೆ ಬಾರದ ಸಾಮಾನು!" ಎಂದು ಗೊಣಗುತ್ತ ಅವನು ತಾನೇ ಟವೆಲ್ ಎತ್ತಿಕೊಂಡು ಒಳಗೆ ಹೋದ.

ಗೌರಮ್ಮನ ಮುಖ ಬಿಳಿಚಿಕೊಂಡಿತು. "ನಿಜವಾಗ್ಲೂ ಬಗ್ಗೋಕಾಗಲ್ವೇನಮ್ಮ?"

"ಇಲ್ಲ ಆಂಟಿ, ಅವರಿಗೆ ಸುಳ್ಳು ಹೇಳಿದೆ ಅಷ್ಟೆ. ಬೆನ್ನು ನೆಟ್ಟಗಿಟ್ಕೊಂಡು ಹೇಗೆ ಬಗ್ಗಬೇಕು ಅಂತ ಮುಂದಿನ ತಿಂಗಳು ನಾನೇ ಕಲಿಸ್ತೀನಿ. ಬಾಗಿಲು ಹಾಕ್ಕೊಂಡು ಮಾಡೋಣ, ಅವರಿಗೆ ಗೊತ್ತಾಗೋದು ಬೇಡ."

ಗೌರಮ್ಮ ಗೋಡೆ ಬಿಟ್ಟು ನೆಟ್ಟಗೆ ನಿಂತಳು.

"ಬೇಡಮ್ಮ, ಅವರೆದುರಿಗೇ ಕಲಿಸು. ನನಗೆ ಬಗ್ಗೋಕೆ ಬರುತ್ತೆ, ಆದ್ರೂ ಬಗ್ಗಲ್ಲ ಅನ್ನೋದು ಗೊತ್ತಾಗ್ಲಿ."