ಕೂಡಿದ ಬಣ್ಣ

ಅಳಿಯನ ಕಾರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ ಪೇಂಟರ್ ಬಂಪರಿನ ಬಲ ಮೂಲೆಯಿಂದ ಕಣ್ಣು ಕೀಳಲಿಲ್ಲ. ಎಡಗಡೆ ಬಂಪರಿನ ಬೆಳ್ಳಿ ಬಣ್ಣ ಪಕ್ಕದ ತಗಡಿನ ಬಣ್ಣಕ್ಕಿಂತ ಕೂದಲೆಳೆಯಷ್ಟು ಮಂಕಾಗಿತ್ತು. ಅದು ಸರಿಯೇ. ಪ್ಲಾಸ್ಟಿಕ್ಕಿಗೂ ತಗಡಿಗೂ ಫ್ಯಾಕ್ಟರಿಯಲ್ಲೇ ಬಣ್ಣ ಕೂಡುವುದಿಲ್ಲ. ಮೂವತ್ತು ವರ್ಷದಿಂದ ಗಿರಾಕಿಗಳಿಗೆ ಇದನ್ನೇ ಹೇಳಿ ಹೇಳಿ ಅವನ ಬಾಯಿ ಸವೆದಿತ್ತು. ಆದರೆ ಬಲಗಡೆ ಎರಡೂ ಒಂದೇ ಬಣ್ಣ, ಎಳ್ಳಷ್ಟೂ ವ್ಯತ್ಯಾಸವಿಲ್ಲ. ಯಾರೋ ಪಳಗಿದ ಕೈಯವನು ಬಂಪರು, ತಗಡು ಎರಡಕ್ಕೂ ಒಟ್ಟಿಗೆ ಹೊಸ ಬಣ್ಣ ಹೊಡೆದಿದ್ದ.

"ಏನ್ ಮಾವ, ಹಾಗ್ ನೋಡ್ತಿದ್ದೀರಾ? ನಾನು ಎಲ್ಲೂ ತಾಗಿಸಿಲ್ಲ. ಒಂದು ಗೀರೂ ಇಲ್ಲ ನೋಡಿ," ಅಂದ ಅಳಿಯ.

ತಾಗಿಸಿದೆಯಾ ಎಂದು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡಿದ್ದ. ಪೇಂಟರಿಗೆ ತನ್ನ ಶೆಡ್ಡಿನ ವೆಲ್ಡರ್ ನೆನಪಾದ. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ಉಂಡವನು. ಹೋದ ವಾರ ಸೈಕಲ್ಲಿನಲ್ಲಿ ಮನೆಗೆ ಹೊರಟಿದ್ದವನನ್ನು ಬೆಳ್ಳಿ ಬಣ್ಣದ ಕಾರೊಂದು ಗುದ್ದಿ ಸಾಯಿಸಿ, ನಿಲ್ಲದೆ ಹೋಗಿತ್ತು. ಅವತ್ತು ಪೇಂಟರ್ ಮಗಳಿಗೆ ಫೋನ್ ಮಾಡಿ ಗೊಳೋ ಎಂದು ಅತ್ತಿದ್ದ. "ಗುದ್ದಿದವನ ಮನೆ ಹಾಳಾಗ!" ಎಂದು ಶಪಿಸಿದ್ದ. ಮಗಳು ಹ್ಞೂಂ ಅನ್ನದೆ, ಉಹ್ಞೂಂ ಅನ್ನದೆ ಫೋನ್ ಇಟ್ಟಿದ್ದಳು.

ಬಂಪರಿನ ಒಳ ಅಂಚನ್ನು ಮುಟ್ಟಿ ನೋಡಲು ಅವನು ಕೈ ಚಾಚಿದ.

"ಅಪ್ಪಾ, ಊಟ ಆರ್ತಿದೆ, ಎದ್ ಬಾ," ಎನ್ನುತ್ತ ಒಳಗಿನಿಂದ ಬಂದ ಮಗಳು, ಅವನ ಮುಖ ನೋಡದೆ, ಸೀದಾ ಆ ಬಲ ಮೂಲೆಗೆ ಅಡ್ಡ ನಿಂತಳು.