ನೂರಹದಿನೇಳನೇ ಪುಟ

ಮೊದಲ ಏಟಿಗೆ ಅವಳ ಕನ್ನಡಕ ಹಾರಿ ಲಸಿಕೆಯ ಪೆಟ್ಟಿಗೆ ಮೇಲೆ ಬಿತ್ತು. ಎರಡನೆಯದಕ್ಕೆ ತುಟಿ ಒಡೆಯಿತು. "ಐದು ಡಿಗ್ರಿ ಅಂತ ಬರಿ," ಎಂದ ಕಾರ್ಖಾನೆಯ ಮ್ಯಾನೇಜರ್, ಅವಳ ಸೋದರಮಾವ. "ಈ ಪೆಟ್ಟಿಗೆ ಕಳಿಸಬೇಕಿದ್ದ ವಿಮಾನ ನೀನು ತಪ್ಪಿಸ್ಕೊಂಡಿದ್ದಕ್ಕೇ ಇದು ಆರು ಗಂಟೆ ಬಿಸಿಲಲ್ಲಿ ನಿಂತಿದ್ದು. ಈಗ ದೊಡ್ಡ ಸಾಚಾ ಥರ ಆಡ್ಬೇಡ."

"ತಪ್ಪು ನಂದೇ ಮಾವ. ಆದ್ರೆ ಪೆಟ್ಟಿಗೆ ಒಳಗಿನ ಉಷ್ಣ ಮಾಪಕ ಮೂವತ್ತೊಂದು ಡಿಗ್ರಿ ತೋರಿಸ್ತಿದೆ. ಎಂಟು ದಾಟಿದ್ರೆ ಚೆಲ್ಲಬೇಕು. ಹಸುಗೂಸುಗಳಿಗೆ ಹಾಕೋ ಲಸಿಕೆ ಇದು."

ಅವನು ಪೆಟ್ಟಿಗೆಯೊಳಗಿನ ಮಾಪಕವನ್ನು ಕಿತ್ತು, ನೆಲಕ್ಕೆಸೆದು ಬೂಟಿನಲ್ಲಿ ಪುಡಿಮಾಡಿದ. "ಯಾವ ಮಾಪಕ?" ಆಮೇಲೆ ಅವಳ ಜಡೆ ಹಿಡಿದು ಮುಖವನ್ನು ದಾಖಲೆ ಪುಸ್ತಕಕ್ಕೆ ಒತ್ತಿದ. "ಕೆಲಸ ಕೊಡಿಸಿದವನು ನಾನು. ಉಂಡ ಮನೆ ಜಂತೆ ಎಣಿಸ್ತೀಯಾ? ಬರಿ!"

ಅವಳು ಬರೆದಳು. ದಿನಾಂಕ, ಸಮಯ, ಮೂವತ್ತೊಂದು ಡಿಗ್ರಿ. ಅದರ ಕೆಳಗೆ ಅಷ್ಟೇ ದುಂಡಗಿನ ಅಕ್ಷರದಲ್ಲಿ: ಮ್ಯಾನೇಜರ್ ಮಾಪಕವನ್ನು ತುಳಿದು ಒಡೆದರು. ನನಗೆ ಎರಡು ಸಲ ಹೊಡೆದರು. ಪುಟದ ಮೇಲಿನ ಕಲೆ ನನ್ನ ರಕ್ತ. ಸಹಿ ಹಾಕಿದಳು.

ಓದಿದವನೇ ಅವಳನ್ನು ಗೋಡೆಗೆ ಅಪ್ಪಳಿಸಿ, ಹಾಳೆಯನ್ನು ಮುಷ್ಟಿಯಲ್ಲಿ ಹಿಡಿದ. ಹರಿಯಲು ಹೋದವನ ಕಣ್ಣಿಗೆ ಹಾಳೆಯ ಮೂಲೆಯಲ್ಲಿ ಅಚ್ಚಾಗಿದ್ದ ಸಂಖ್ಯೆ ಬಿತ್ತು: ನೂರಹದಿನೇಳು. ಈ ಪುಸ್ತಕದಲ್ಲಿ ಒಂದು ಹಾಳೆ ಕಾಣೆಯಾದರೂ ತಪಾಸಣೆಯವರು ಇಡೀ ಕಾರ್ಖಾನೆಗೆ ಬೀಗ ಜಡಿಯುತ್ತಾರೆ. ಅವಳು ಕೆಲಸಕ್ಕೆ ಸೇರಿದ ದಿನ ಅವನೇ ಹೇಳಿಕೊಟ್ಟ ಪಾಠ. ಅವನ ಮುಷ್ಟಿ ಸಡಿಲವಾಯಿತು.

ಅವಳು ತುಟಿ ಒರೆಸಿಕೊಂಡು ಪೆನ್ನನ್ನು ಅವನತ್ತ ಚಾಚಿದಳು.

"ಪರಿಶೀಲಿಸಿದವರು ಅನ್ನೋ ಜಾಗ ಖಾಲಿ ಇದೆ ಮಾವ. ಸೈನ್ ಹಾಕಿ."